ರಾತ್ರಿ ಕಪಾಲಭಾತಿ ಮಾಡುದ್ರೆ ನಿದ್ದೆನೇ ಹೋಗ್ತಿದೆ, ಎಲ್ಲಿ ತಪ್ಪಾಗ್ತಿದೆ?

ಹಾಸ್ಟೆಲ್ ಹುಡ್ಗ:
ಎಲ್ರುಗೂ ನಮಸ್ಕಾರ. ಮೈಸೂರಲ್ಲಿ ಎಮ್ಮೆಸ್ಸಿ ಎರಡನೇ ಸೆಮ್, ಊರು ಪಾಂಡವಪುರದ ಕಡೆ. ಇಂಟರ್ನಲ್ಸು ಸೆಮಿನಾರು ರೆಕಾರ್ಡು ಎಲ್ಲಾ ಒಂದೇ ವಾರ ಬಂದು ತಲೆ ಕೆಟ್ಟೋಗಿದೆ, ಟೆನ್ಷನ್‌ಗೆ ಯೋಗ ಒಳ್ಳೇದು ಅಂತಾರಲ್ಲ ಅಂತ ಯೂಟ್ಯೂಬ್ ನೋಡ್ಕೊಂಡು ರಾತ್ರಿ 11ಕ್ಕೆ ಸೂರ್ಯನಮಸ್ಕಾರ, ಆಮೇಲೆ ಕಪಾಲಭಾತಿ ಮಾಡ್ತಿದೀನಿ. ಮಲಗುದ್ರೆ ಎದೆ ಡವಡವ ಅಂತದೆ, 2 ಗಂಟೆವರ್ಗೂ ಫ್ಯಾನ್ ನೋಡ್ಕೊಂಡು ಬಿದ್ದಿರ್ತೀನಿ.

ಸರಸ್ವತಿಪುರಂ ಅಕ್ಕ:
ಅಯ್ಯೋ ಮಾರಾಯ, ಮಲಗೋ ಹೊತ್ತಲ್ಲಿ ಯಾರಾದ್ರೂ ಕಪಾಲಭಾತಿ ಮಾಡ್ತಾರಾ! ಅದು ಮೈ ಎಬ್ಬಿಸೋ ಕ್ರಿಯೆ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಮಾಡೋದು. ಮೊದ್ಲೇ ಗಾಬರಿ ಇರೋರು ಜೋರಾಗಿ ಪಟಪಟ ಅಂತ ಉಸಿರು ಬಿಟ್ರೆ ತಲೆ ಸುತ್ತು, ಎದೆ ಬಡ್ಕೊಳೋದು ಎಲ್ಲಾ ಶುರುವಾಗತ್ತೆ. ನಿಂಗೆ ಬೇಕಿರೋದು ಇದರ ಉಲ್ಟಾ. 4 ಎಣಿಸ್ತಾ ಉಸಿರು ತಗೋ, 6 ಇಲ್ಲಾ 8 ಎಣಿಸ್ತಾ ನಿಧಾನಕ್ಕೆ ಬಿಡು. ಉಸಿರು ಬಿಡುವಾಗ ಹೃದಯದ ಬಡಿತ ತಾನಾಗೇ ಸ್ವಲ್ಪ ಇಳಿಯತ್ತೆ, ಮೆದುಳಿಂದ ಹೃದಯಕ್ಕೆ ಹೋಗೋ ವೇಗಸ್ ನರದ ಕೆಲಸ ಅದು, ಅದಕ್ಕೇ ಬಿಡೋದನ್ನ ಉದ್ದ ಮಾಡೋದು. ಹತ್ತು ನಿಮಿಷ ಸಾಕು, ಆಮೇಲೆ ಭ್ರಾಮರಿ, ಅಂದ್ರೆ ಬಾಯಿ ಮುಚ್ಕೊಂಡು ದುಂಬಿ ಥರ ಗುಂಯ್ ಅಂತ ಉಸಿರು ಬಿಡೋದು, ಐದಾರು ಸಲ, ಶವಾಸನ. ಉಸಿರು ಕಟ್ಟಿ ಹಿಡೀಬೇಡ.

ಮಂಡ್ಯ ಪ್ಯಾಸೆಂಜರ್:
ಯೋಗ ಆಮೇಲ್ ನೋಡ್ಕಳುವೆ, ಸಂಜೆ ಮ್ಯಾಲೆ ಎಷ್ಟ್ ಟೀ ಕುಡೀತೀಯ ಅದ್ನ ಮೊದ್ಲು ಹೇಳ್ಲಾ. ನಾನೂ ದಿನಾ ಟ್ರೈನಲ್ಲಿ ಓಡಾಡ್ಕಂಡೇ ಡಿಗ್ರಿ ಮುಗ್ಸಿದ್ದು, ಸೀಟ್ ಸಿಕ್ಕುದ್ರೆ ಪಾಂಡವಪುರ ಬುಟ್ ಮ್ಯಾಲೆ ಕಣ್ ಮುಚ್ಕಂಡು ಉಸ್ರು ಎಣಿಸ್ತಿದ್ದೆ, ಶ್ರೀರಂಗಪಟ್ಣದತ್ರ ಕಾವೇರಿ ಸೇತ್ವೆ ಸದ್ದಾದ್ರೆ ಕಣ್ ಬುಡದು ಅಷ್ಟೇಯ. ಮ್ಯಾಟು ಗೀಟು ಏನೂ ಇರ್ಲಿಲ್ಲ.

ಅಗ್ರಹಾರದ ಹಳಬ:
ಒಂದು ಮಾತು ಸೇರಿಸ್ತೀನಿ. ನಮ್ಮ ಮೈಸೂರಿನ ಯೋಗ ಅಂದ್ರೆ ಎಲ್ಲರಿಗೂ ಬೆವರು ಸುರಿಸೋ ಯೋಗಾನೇ ನೆನಪಾಗೋದು, ಅದಕ್ಕೊಂದು ಕಾರಣ ಇದೆ. ನಾಲ್ವಡಿಯವರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೇಲಿ ಯೋಗಶಾಲೆ ಶುರುವಾದಾಗ ಯೋಗಗುರು ಕೃಷ್ಣಮಾಚಾರ್ಯರ ಹತ್ರ ಕಲಿತೋರಲ್ಲಿ ಹುಡುಗರೇ ಜಾಸ್ತಿ, ಕುಣಿಯೋ ವಯಸ್ಸು. ಅವರ ಶಿಷ್ಯ ಪಟ್ಟಾಭಿ ಜೋಯಿಸರ ಅಷ್ಟಾಂಗ ಕಲಿಯಕ್ಕೆ ಗೋಕುಲಂಗೆ ಬರೋ ಫಾರಿನರ್ಸೂ ಕತ್ತಲಿರುವಾಗ್ಲೇ ಎದ್ದು ಮ್ಯಾಟ್ ಹಿಡ್ಕೊಂಡು ಹೋಗ್ತಾರಪ್ಪ, ರಾತ್ರಿ 11ಕ್ಕಲ್ಲ! ಸೂರ್ಯನಮಸ್ಕಾರಾನ ಬೆಳಿಗ್ಗೆಗೆ ಹಾಕ್ಕೋ. ಮತ್ತೆ ಎರಡು ವಾರ ಆದ್ರೂ ನಿದ್ದೆ ಬರ್ಲಿಲ್ಲ, ಊಟ ಸೇರ್ತಿಲ್ಲ ಅಂದ್ರೆ ಉಸಿರು ಎಣಿಸ್ಕೊಂಡು ಕೂರ್ಬೇಡ, ಡಾಕ್ಟರ್‌ಗೆ ತೋರ್ಸು, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ಫ್ರೀ, ಕನ್ನಡದಲ್ಲೇ ಮಾತಾಡ್ಬೋದು.

ಹಾಸ್ಟೆಲ್ ಹುಡ್ಗ:
ಥ್ಯಾಂಕ್ಸ್ ಅಕ್ಕ, ಸಾರ್. ಮಂಡ್ಯದಣ್ಣ, ಟೀ ನಾಕ್ ಲೋಟ ಆಯ್ತದೆ, ಬಯ್ಬೇಡಿ. ನಿನ್ನೆ ಉದ್ದ ಉಸಿರು ಟ್ರೈ ಮಾಡ್ದೆ, 12ಕ್ಕೆಲ್ಲ ನಿದ್ದೆ ಬಂದಂಗಿತ್ತು. ಭ್ರಾಮರಿ ಮಾತ್ರ ಕಷ್ಟ, ರೂಮ್‌ಮೇಟು ಜೇನ್ ನುಗ್ತು ಅಂತ ಎದ್ದು ಲೈಟ್ ಹಾಕ್ಬುಟ್ಟ.