ಪದಚರ್ಚೆ: ‘ಸೀಲಿಂಗ್’, ‘ಫಾಲ್ಸ್ ಸೀಲಿಂಗ್’ – ಕೈಪಿಡಿಗೆ ಪದ ಬೇಕು, ನಾಳೆ ಬೆಳಗ್ಗೆ ಅಚ್ಚಿಗೆ

ಮೈಸೂರಿನಿಂದ

ಬಳಗದವರಿಗೆ ನಮಸ್ಕಾರ. ಮನೆಯ ಸೀಲಿಂಗನ್ನು ನಾವೇ ಅಲಂಕರಿಸಿಕೊಳ್ಳುವುದು ಹೇಗೆ ಎಂಬ ಕೈಪಿಡಿಯೊಂದರ ಅನುವಾದ ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ನಾಲ್ಕು ಪದ ಬಗೆಹರಿದಿಲ್ಲ: ಸೀಲಿಂಗ್, ಫಾಲ್ಸ್ ಸೀಲಿಂಗ್, ಕಾರ್ನಿಸ್ (ಗೋಡೆ, ಸೀಲಿಂಗು ಕೂಡುವಲ್ಲಿ ಕೂರಿಸುವ ಅಲಂಕಾರದ ಪಟ್ಟಿ), ಸ್ಟೆನ್ಸಿಲ್ (ಬಣ್ಣದ ಚಿತ್ತಾರ ಮೂಡಿಸಲು ತೂತು ಕೊರೆದ ಹಾಳೆ).

ಕರಡಿನಲ್ಲಿ ಮೊದಲನೆಯದಕ್ಕೆ ‘ಛಾವಣಿ’, ಎರಡನೆಯದಕ್ಕೆ ‘ಹುಸಿ ಛಾವಣಿ’ ಎಂದು ಹಾಕಿದ್ದೆ. ಈಗ ಓದಿದರೆ ಮೊದಲ ಪುಟದಲ್ಲೇ ಅಪಾಯ ಕಾಣುತ್ತಿದೆ. ವಾಕ್ಯ ಹೀಗಿದೆ: “ಬಣ್ಣ ಹಚ್ಚುವ ಮೊದಲು ಛಾವಣಿಯನ್ನು ಒಣಬಟ್ಟೆಯಿಂದ ಒರೆಸಿ, ಬಿರುಕುಗಳಿಗೆ ಪುಟ್ಟಿ ತುಂಬಿ.” ಇದನ್ನು ಓದಿದವರು ತಾರಸಿ ಹತ್ತಿದರೆ ತಪ್ಪು ಅವರದಲ್ಲ. ತಾರಸಿಯ ಬಿರುಕಿಗೆ ಗೋಡೆಯ ಪುಟ್ಟಿ ತುಂಬಿದರೆ ಒಂದೇ ಮಳೆಗಾಲಕ್ಕೆ ಎದ್ದುಬರುತ್ತದೆ. ಅಲ್ಲಿಗೆ ಬೇಕಾದದ್ದು ನೀರು ತಡೆಯುವ ಲೇಪ. ನನಗೆ ಬೇಕಿರುವುದು ಒಳಗೆ ನಿಂತು ತಲೆಯೆತ್ತಿದರೆ ಕಾಣುವ ಮೈಗೆ ಮಾತ್ರ ಹೊಂದುವ ಪದ. ದಯವಿಟ್ಟು ಇವತ್ತು ರಾತ್ರಿಯೊಳಗೆ ತಿಳಿಸಿ.

ಬೆಂಗಳೂರಿನಿಂದ

ಮೊದಲು ಆ ‘ಛ’ ತೆಗೆಯಿರಿ. ಮಾತಾಡುವಾಗ ಯಾರೂ ಅದಕ್ಕೆ ಉಸಿರು ಕೊಡುವುದಿಲ್ಲ. ‘ಚಾವಣಿ’ ಎಂದು ಬರೆಯಿರಿ. ಒಳಗಿನದು ‘ಒಳಚಾವಣಿ’. ‘ಹುಸಿ’ ಬೇಡ, ಹುಸಿ ಎಂದರೆ ಸುಳ್ಳು. ಕೆಳಗೆ ತೂಗುಬಿಟ್ಟ ಹಲಗೆಯಲ್ಲಿ ಸುಳ್ಳೇನಿದೆ? ‘ತೂಗುಚಾವಣಿ’. ಸ್ಟೆನ್ಸಿಲ್‌ಗೆ ‘ಕೊರೆಹಾಳೆ’. ಕಾರ್ನಿಸ್‌ಗೆ ‘ಅಂಚುಪಟ್ಟಿ’. ಮುಗಿಯಿತು.

ಶಿರಸಿಯಿಂದ

ಮುಗಿದಿಲ್ಲ. ಮಲೆನಾಡು, ಕರಾವಳಿಯ ಹಂಚಿನ ಮನೆಗಳಲ್ಲಿ ಈ ವಸ್ತುವಿಗೆ ಮೊದಲಿನಿಂದ ಹೆಸರಿದೆ: ‘ಮುಚ್ಚಿಗೆ’. ಹಂಚು ಹೊತ್ತ ಮಾಡು ಮೇಲೆ ಬೇರೆಯೇ ಇರುತ್ತದೆ. ಅದರ ಕೆಳಗೆ ತೊಲೆಗಳ ಮೇಲೆ ಹಲಗೆ ಜೋಡಿಸುತ್ತಾರೆ. ಮೇಲಿನಿಂದ ಅದು ಅಟ್ಟದ ನೆಲ, ಕೆಳಗಿನಿಂದ ನೋಡಿದರೆ ಮುಚ್ಚಿಗೆ. ಹಂಚಿನ ಸಂದಿಯಿಂದ ಉದುರುವ ಕಸ, ಬಾವಲಿ ಹಿಕ್ಕೆ, ನಡು ಮಧ್ಯಾಹ್ನದ ಕಾವು ಎಲ್ಲವನ್ನೂ ತಡೆಯುವುದು ಅದೇ.

ಇನ್ನೊಂದು ಮಾತು, ಮೈಸೂರಿನವರು ಗಮನಿಸಿ. ಮಾಡಿನ ಕೆಳಗೆ ಒಂದಿಷ್ಟು ಜಾಗ ಬಿಟ್ಟು ಪ್ರತ್ಯೇಕವಾಗಿ ಕೂರಿಸಿದ ಇನ್ನೊಂದು ಪದರ ಎಂದರೆ ಇವತ್ತು ನೀವು ಫಾಲ್ಸ್ ಸೀಲಿಂಗ್ ಎನ್ನುತ್ತೀರಲ್ಲ, ಅದೇ. ಹುಸಿಯೂ ಬೇಡ, ತೂಗುವುದೂ ಬೇಡ. ಫಾಲ್ಸ್ ಸೀಲಿಂಗ್ ಎಂದರೆ ಮುಚ್ಚಿಗೆ.

ಧಾರವಾಡದಿಂದ

ಶಿರಸಿಯವರ ಮಾತು ಖರೇ ಅದ, ಆದ್ರ ಅರ್ಧಾ. ನಮ್ಮ ಕಡೆ ಮಣ್ಣಿನ ಮಾಳಿಗಿ. ತೊಲಿ, ಅದರ ಮ್ಯಾಲ ಜಂತಿ, ಜಂತಿ ಮ್ಯಾಲ ಸಣ್ಣ ಕಟ್ಟಿಗಿ, ಅದರ ಮ್ಯಾಲ ಮಣ್ಣು. ನಡುವ ಮುಚ್ಚಿಗಿ ಅನ್ನೋದು ಇಲ್ಲೇ ಇಲ್ಲ. ನಿದ್ದಿ ಬರದವಾ ಮಲಕೊಂಡು ಜಂತಿ ಎಣಸ್ತಾನ, ಸೀಲಿಂಗ್ ನೋಡಂಗಿಲ್ಲ. ಅಂದ್ರ ಕಣ್ಣಿಗೆ ಕಾಣೋ ಒಂದೊಂದು ಮರಕ್ಕೂ ಹೆಸರಿಟ್ವಿ, ಬರೇ ತಳಕ್ಕ ಹೆಸರು ಬೇಕಾಗಿರಲಿಲ್ಲ. ಕಾಂಕ್ರೀಟಿನ ಸ್ಲ್ಯಾಬ್ ಬಂದ ಮ್ಯಾಲೆ ಎಣಸಾಕ ಏನೂ ಉಳೀಲಿಲ್ಲ, ಆವಾಗ ‘ಸೀಲಿಂಗ್’ ಬಂತು. ಅದನ್ನ ಹಂಗ ಬಿಡ್ರಿ. ಮತ್ತ ‘ಮಾಳಿಗೆ’ ಅಂತ ಮಾತ್ರ ಹಾಕಬ್ಯಾಡ್ರಿ; ನಿಮ್ಮ ಮೈಸೂರಾಗ ಅದು ಮಹಡಿ ಆಗ್ತದ.

ತುಮಕೂರಿನಿಂದ

ಸಾವಿರ ವರ್ಷದಿಂದ ಸೀಲಿಂಗನ್ನು ನಮ್ಮಷ್ಟು ಶ್ರದ್ಧೆಯಿಂದ ಅಲಂಕರಿಸಿದವರು ಕಡಿಮೆ. ಅದಕ್ಕೆ ಹೆಸರಿಲ್ಲ ಎನ್ನುವುದು ಸೋಜಿಗ. ಬೇಲೂರಿನ ಚೆನ್ನಕೇಶವ ದೇಗುಲದ (1117) ನವರಂಗದ ನಡುವೆ ನಿಂತು ತಲೆಯೆತ್ತಿ: ಸುತ್ತು ಸುತ್ತಾಗಿ ಒಳಸರಿಯುವ ಕಲ್ಲಿನ ಬಳೆಗಳು, ನಡುವೆ ಇಳಿಬಿದ್ದ ಮೊಗ್ಗು. ದೇಗುಲಗಳ ಕುರಿತು ಕನ್ನಡದಲ್ಲಿ ಬರೆಯುವವರೆಲ್ಲ ಅದನ್ನು ‘ಭುವನೇಶ್ವರಿ’ ಎನ್ನುತ್ತಾರೆ. ಸಾಮಾನ್ಯ ಪದ ‘ವಿತಾನ’. ನಿಮ್ಮ ಕೈಪಿಡಿಗೆ ‘ವಿತಾನ’, ಫ್ಯಾನಿನ ಸುತ್ತ ಅಂಟಿಸುವ ಹೂವಿನ ಬಿಲ್ಲೆಗೆ ‘ಪದ್ಮ’ ಎಂದು ಕೊಡಿ.

‘ಹುಸಿ ಛಾವಣಿ’ ಅರಿಸಮಾಸ. ಅದನ್ನಂತೂ ಕೈಬಿಡಿ.

ಶಿರಸಿಯಿಂದ

ಅರಿಸಮಾಸ ಅಲ್ಲ. ವ್ಯಾಕರಣಕಾರ ಕೇಶಿರಾಜ ತಡೆದದ್ದು ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವುದನ್ನು. ಛಾವಣಿ ಮರಾಠಿ, ಹಿಂದಿಯ ದಾರಿಯಲ್ಲಿ ಬಂದ ಪದ. ‘ಒಳವಿತಾನ’ ಎಂದಿದ್ದರೆ ನಿಮ್ಮ ಆಕ್ಷೇಪ ನಿಲ್ಲುತ್ತಿತ್ತು. ಹತ್ತು ಅಡಿಯ ಮಲಗುವ ಕೋಣೆಗೆ ಭುವನೇಶ್ವರಿ ಭಾರವಾಯಿತು.

ದಾವಣಗೆರೆಯಿಂದ

ಕೆಲಸದವರ ಬಾಯಲ್ಲಿ ಇರುವುದು ಸೀಲಿಂಗು, ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್), ಜಿಪ್ಸಂ ಬೋರ್ಡು, ಕಾರ್ನಿಸು, ಪುಟ್ಟಿ, ಪ್ರೈಮರು. ಹಾರ್ಡ್‌ವೇರ್ ಅಂಗಡಿಯಲ್ಲಿ ‘ವಿತಾನಕ್ಕೆ ಅಂಟು ಕೊಡಿ’ ಎಂದು ಕೇಳಿದರೆ ಏನೂ ಸಿಗದು. ಓದುಗ ಕೈಪಿಡಿ ಹಿಡಿದು ಅಂಗಡಿಗೆ ಹೋಗುತ್ತಾನೆ ಎಂಬುದು ನೆನಪಿರಲಿ.

ಆದರೆ ಮೈಸೂರಿನ ಮೇಡಂ, ಪದಕ್ಕಿಂತ ಮೊದಲು ಆ ವಾಕ್ಯವನ್ನೇ ತಿದ್ದಬೇಕು. ‘ಒಣಬಟ್ಟೆಯಿಂದ ಒರೆಸಿ’ ಎಂದರೆ ಸಾಲದು. ನಮ್ಮಲ್ಲಿ ಬಹುಪಾಲು ಹಳೆಯ ಸೀಲಿಂಗಿಗೆ ಸುಣ್ಣ ಅಥವಾ ಅಗ್ಗದ ಡಿಸ್ಟೆಂಪರ್ ಬಳಿದಿರುತ್ತದೆ. ಅಗಲದ ಅಂಟುಟೇಪಿನ ತುಂಡನ್ನು ಒತ್ತಿ ಹಚ್ಚಿ, ಒಮ್ಮೆಲೇ ಕಿತ್ತು ನೋಡಬೇಕು. ಟೇಪಿನ ಮೈಗೆ ಬಿಳಿ ಪುಡಿ ಬಂದರೆ ಅದರ ಮೇಲೆ ಬಣ್ಣ, ಕಾಗದ, ಥರ್ಮಾಕೋಲು ಯಾವುದೂ ನಿಲ್ಲದು. ಅಂಟು ಗಟ್ಟಿಯಾಗಿಯೇ ಇರುತ್ತದೆ, ಸುಣ್ಣ ಸ್ಲ್ಯಾಬನ್ನು ಬಿಟ್ಟು ಬರುತ್ತದೆ. ನೀರು ಚಿಮುಕಿಸಿ ನೆನೆಸಿ, ತಗಡಿನ ಪಟ್ಟಿಯಿಂದ ಕೆರೆದು, ಪೂರ್ತಿ ಒಣಗಿದ ಮೇಲೆ ಪ್ರೈಮರ್ ಒಂದು ಕೋಟು ಕೊಟ್ಟು, ಆಮೇಲೆ ಪುಟ್ಟಿ. ಇಲ್ಲಿ ‘ಕೆರೆ’ ಎನ್ನಿ. ‘ಉಜ್ಜು’ ಎಂದರೆ ಜನ ಮರಳುಕಾಗದ ಹಿಡಿಯುತ್ತಾರೆ, ಸುಣ್ಣದ ಧೂಳು ಕಣ್ಣಿಗೆ ಬೀಳುತ್ತದೆ. ಕನ್ನಡಕ ಕಡ್ಡಾಯ ಎಂದೂ ಸೇರಿಸಿ.

ಹಳದಿ ನೀರುಕಲೆ ಇದ್ದರೆ ಎಮಲ್ಷನ್ ಎಷ್ಟು ಕೋಟು ಕೊಟ್ಟರೂ ಮತ್ತೆ ಮೇಲೆ ಹಾಯುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಒಣಗಿಸಿ, ಆ ಜಾಗಕ್ಕಷ್ಟೇ ಎಣ್ಣೆ ಆಧಾರದ ಪ್ರೈಮರ್ ಹಚ್ಚಬೇಕು.

ಬೆಂಗಳೂರಿನಿಂದ

ಇದು ಪದಚರ್ಚೆಯ ಬಳಗ.

ದಾವಣಗೆರೆಯಿಂದ

ಪದ ತಪ್ಪಿದ್ದಕ್ಕೇ ಕೆಲಸ ತಪ್ಪುತ್ತದೆ ಎಂದು ತೋರಿಸುತ್ತಿದ್ದೇನೆ. ಇನ್ನೆರಡು ಉದಾಹರಣೆ ಕೇಳಿ.

ಒಂದು, ‘ಕಲಸು’. ಪಿಒಪಿಗೆ ಅನುವಾದಗಳಲ್ಲಿ ‘ಪುಡಿಗೆ ನೀರು ಹಾಕಿ ಕಲಸಿ’ ಎಂದು ಬರೆಯುತ್ತಾರೆ, ಚಪಾತಿ ಹಿಟ್ಟಿನ ಹಾಗೆ. ಪಿಒಪಿಯಲ್ಲಿ ನೀರಿಗೆ ಪುಡಿ. ಬೋಗುಣಿಯಲ್ಲಿ ನೀರಿಟ್ಟು, ಪುಡಿಯನ್ನು ಸುತ್ತಲೂ ಉದುರಿಸುತ್ತಾ ಹೋಗಬೇಕು. ಅದು ನೀರಿನ ಮಟ್ಟಕ್ಕೆ ಬಂದು ನಡುವೆ ಸಣ್ಣ ದಿಬ್ಬವಾದಾಗ ನಿಲ್ಲಿಸಿ, ಒಂದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಮೆಲ್ಲಗೆ ತಿರುವಬೇಕು. ಕೆಲಸಕ್ಕೆ ಸಿಗುವುದು ಹತ್ತು ನಿಮಿಷದ ಆಸುಪಾಸು. ಹಿಂದಿನ ಸಲದ ಗಟ್ಟಿ ಚೂರು ಬೋಗುಣಿಯಲ್ಲಿ ಉಳಿದಿದ್ದರೆ ಅಷ್ಟೂ ಸಿಗದು, ಆ ಹರಳುಗಳೇ ಹೊಸ ಪಿಒಪಿಯನ್ನು ಬೇಗ ಹೆಪ್ಪುಗಟ್ಟಿಸುತ್ತವೆ. ಗಟ್ಟಿಯಾಗತೊಡಗಿದ್ದಕ್ಕೆ ಮತ್ತೆ ನೀರು ಸೇರಿಸಿದರೆ ಒಣಗಿದ ಮೇಲೆ ಉಗುರಿಗೇ ಪುಡಿಯಾಗುತ್ತದೆ. ಆದ್ದರಿಂದ ‘ಕಲಸು’ ಬೇಡ, ‘ಉದುರಿಸು, ತಿರುವು’.

ಎರಡು, ‘ಮೇಲಂಚು’. ಕಾರ್ನಿಸನ್ನು ಮೂಲೆಗೆ 45 ಡಿಗ್ರಿ ಓರೆಯಾಗಿ ಕೊಯ್ಯುವಾಗ ತುಂಡನ್ನು ತಲೆಕೆಳಗು ಇಡಬೇಕು. ಸೀಲಿಂಗಿಗೆ ಕೂರುವ ಅಂಚು ಕೊಯ್ಯುವ ಪೆಟ್ಟಿಗೆಯ (ಗರಗಸಕ್ಕೆ ಓರೆಗಂಡಿ ಇರುವ ಮೈಟರ್ ಬಾಕ್ಸಿನ) ತಳಕ್ಕೆ, ಗೋಡೆಗೆ ಕೂರುವ ಅಂಚು ಪೆಟ್ಟಿಗೆಯ ಪಕ್ಕಕ್ಕೆ. ‘ಮೇಲಂಚನ್ನು ಮೇಲೆ ಇಡಿ’ ಎಂದು ಅನುವಾದಿಸಿದರೆ ಎಂಟು ಅಡಿಯ ತುಂಡು ಹಾಳು. ‘ಸೀಲಿಂಗ್ ಅಂಚು’, ‘ಗೋಡೆ ಅಂಚು’ ಎಂದು ಹೆಸರಿಟ್ಟು ಬರೆಯಿರಿ, ಮೇಲೆ ಕೆಳಗೆ ಎನ್ನಬೇಡಿ.

ಥರ್ಮಾಕೋಲಿಗೆ ಬಿಳಿ ಅಂಟು ಅಥವಾ ಅಕ್ರಿಲಿಕ್ ಅಂಟು ಮಾತ್ರ. ಚಪ್ಪಲಿಗೆ ಹಚ್ಚುವ ರಬ್ಬರ್ ಅಂಟು, ಥಿನ್ನರ್ ಬಣ್ಣ ಅದನ್ನು ಕರಗಿಸಿ ಗುಳಿ ಮಾಡುತ್ತವೆ. ಅಡುಗೆಮನೆಗೆ ಥರ್ಮಾಕೋಲು ಬೇಡವೇ ಬೇಡ, ಬೆಂಕಿ ಹಿಡಿದರೆ ಉರಿಯುತ್ತಲೇ ಹನಿಯುತ್ತದೆ. ಇನ್ನು ಜಿಪ್ಸಂ ಬೋರ್ಡು: ಆರು ನಾಲ್ಕಡಿಯ ಒಂದು ಹಾಳೆಯೇ ಸುಮಾರು 20 ಕೆ.ಜಿ. ‘ನೀವೇ ಮಾಡಿ’ ಎಂಬ ಅಧ್ಯಾಯದಲ್ಲಿ ಅದಿದ್ದರೆ ‘ಇಬ್ಬರು ಬೇಕು’ ಎಂದಾದರೂ ಬರೆಯಿರಿ.

ಕಾಸರಗೋಡಿನಿಂದ

ಮುಚ್ಚಿಗೆಯ ಮೂಲದ ಬಗ್ಗೆ ಒಂದು ಮಾತು. ಮಲೆಯಾಳದಲ್ಲಿ ಹಲಗೆಯ ಮೇಲ್ಪದರಕ್ಕೆ ‘ಮಚ್ಚ್’, ತಮಿಳಿನಲ್ಲೂ ‘ಮಚ್ಚು’. ನಮ್ಮದೂ ಮೂಲದಲ್ಲಿ ‘ಮಚ್ಚಿಗೆ’ಯೇ ಇದ್ದು, ‘ಮುಚ್ಚು’ ಎಂಬ ಕ್ರಿಯಾಪದದ ಸೆಳೆತಕ್ಕೆ ಉಕಾರವಾಗಿರಬೇಕು. ಹಾಗಾದರೆ ಅದರ ಹಿಂದೆ ‘ಮಂಚ’ ಇದೆ.

ಶಿರಸಿಯಿಂದ

ಇಲ್ಲ. ಹಾಸು, ಹಾಸಿಗೆ. ಅಡು, ಅಡಿಗೆ. ಮುಚ್ಚು, ಮುಚ್ಚಿಗೆ. ಕಣ್ಣೆದುರಿಗೆ ಧಾತು, ಪ್ರತ್ಯಯ ಎರಡೂ ಇರುವಾಗ ನೆರೆಮನೆಯ ಮಂಚ ಏಕೆ ಎಳೆಯುತ್ತೀರಿ?

ಬೆಂಗಳೂರಿನಿಂದ

ಈ ಒಂದು ವಿಷಯದಲ್ಲಿ ಶಿರಸಿಯವರ ಪರ. ಕನ್ನಡದ್ದೇ ಬೇರು, ಕನ್ನಡದ್ದೇ ಒಟ್ಟು (ಪ್ರತ್ಯಯ). ಹೀಗೆ ಕಟ್ಟುವ ಶಕ್ತಿ ಇರುವಾಗ ಪ್ರೈಮರು, ಪುಟ್ಟಿ, ಕಾರ್ನಿಸು ಎಂದು ಇಡೀ ಪುಟವನ್ನು ಎರವಲಿನಿಂದ ತುಂಬುವುದು ಸೋಮಾರಿತನ. ಸುಣ್ಣ, ಬಣ್ಣ, ಗೋಡೆ, ಹಂಚು ಇವೆಲ್ಲ ಯಾರ ಹಂಗೂ ಇಲ್ಲದೆ ಬಾಳಲಿಲ್ಲವೇ?

ತುಮಕೂರಿನಿಂದ

ಸುಣ್ಣ ‘ಚೂರ್ಣ’ದ ತದ್ಭವ, ಬಣ್ಣ ‘ವರ್ಣ’ದ ತದ್ಭವ. ನಾಲ್ಕರಲ್ಲಿ ಎರಡು ಹಂಗಿನವೇ.

ಧಾರವಾಡದಿಂದ

ಕಿಟಕಿ ಹಿಂದಿಯಿಂದ ಬಂತು, ಕುರ್ಚಿ ಅರಬ್ಬಿಯಿಂದ, ಚಾವಿ ಪೋರ್ತುಗೀಸರದು. ಹಂಚಿನ ಕೆಳಗ ಬಡಿಯೋ ರೀಪು ಇಂಗ್ಲಿಷ್ ಅಂತ ಭಾಳ ಮಂದಿ ತಿಳಕೊಂಡಾರ, ಅದೂ ಪೋರ್ತುಗೀಸರದ. ಇವನ್ನೆಲ್ಲಾ ತಗದ್ರ ಮನಿ ನಿಲ್ಲಂಗಿಲ್ಲ. ತಗೋಳೋದು ಸೋಮಾರಿತನ ಅಲ್ರೀ. ತಗೊಂಡಿದ್ದಕ್ಕ ನಮ್ಮ ವಿಭಕ್ತಿ ಹಚ್ಚಿ, ‘ಸೀಲಿಂಗಿಗೆ’, ‘ಸೀಲಿಂಗಿನ್ಯಾಗ’ ಅಂತ ದುಡಿಸಿಕೊಂಡ್ರ ಅದು ನಮ್ದ.

ಬೆಂಗಳೂರಿನಿಂದ

ತದ್ಭವ ಬೇರೆ, ಕಣ್ಣುಮುಚ್ಚಿ ಲಿಪಿ ಬದಲಿಸುವುದು ಬೇರೆ. ಬಣ್ಣ ನಮ್ಮ ಬಾಯಲ್ಲಿ ಪಳಗಿ ಬಂತು, ‘ಸ್ಟೆನ್ಸಿಲ್’ ಪಳಗಿದೆಯೇ? ಎರಡು ಒತ್ತು ಹಾಕಿ ನಾಲಿಗೆ ಹೊರಳಿಸಬೇಕು. ‘ಕೊರೆಹಾಳೆ’ಯಲ್ಲಿ ಕೊರೆದ ಹಾಳೆ ಕಾಣುತ್ತದೆ. ನನ್ನ ಹಟ ಅಷ್ಟಕ್ಕೇ.

ದಾವಣಗೆರೆಯಿಂದ

ಕೊರೆಹಾಳೆ ನನಗೂ ಒಪ್ಪಿಗೆ. ‘ಅಚ್ಚು’ ಎಂದು ಮಾತ್ರ ಯಾರೂ ಸೂಚಿಸಬೇಡಿ. ಅಚ್ಚಿಗೆ ಬಣ್ಣ ಮೆತ್ತಿ ಒತ್ತುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಬಣ್ಣ ಹಾಳೆಯ ಅಡಿಗೆ ಹರಿದು ಅಂಚು ಕದಡುತ್ತದೆ. ಸ್ಪಂಜಿಗೆ ಬಣ್ಣ ಮುಟ್ಟಿಸಿ, ರದ್ದಿಕಾಗದದ ಮೇಲೆ ನಾಲ್ಕೈದು ಸಲ ತಟ್ಟಿ ಹೆಚ್ಚುಕಡಿಮೆ ಒಣಗಿಸಿ, ಆಮೇಲೆ ತೂತುಗಳ ಮೇಲೆ ನೇರವಾಗಿ ತಟ್ಟಬೇಕು, ಎಳೆಯಬಾರದು. ತೆಳುವಾಗಿ ಎರಡು ಸಲ. ಸೀಲಿಂಗಿನ ಬಣ್ಣ ಒಂದು ದಿನವಾದರೂ ಒಣಗಿರದಿದ್ದರೆ ಹಾಳೆ ಹಿಡಿದ ಟೇಪು ಅದನ್ನೂ ಕಿತ್ತುಕೊಂಡು ಬರುತ್ತದೆ.

ನಡು ಹಿಡಿಯಲು ಎದುರುಬದುರು ಮೂಲೆಗಳ ನಡುವೆ ಬಣ್ಣದ ಪುಡಿ ಸವರಿದ ದಾರ ಬಿಗಿದು ಚಿಮ್ಮಿಸಿದರೆ ಎರಡು ಗೆರೆ ಕೂಡುವಲ್ಲಿ ನಡು. ಫ್ಯಾನಿನ ಕೊಕ್ಕೆ ಅಲ್ಲೇ ಇರಬೇಕೆಂದೇನಿಲ್ಲ, ಎರಡು ಮೂರು ಇಂಚು ಸರಿದಿರುವುದು ಸಾಮಾನ್ಯ. ಆಗ ಹೂವನ್ನು ಕೊಕ್ಕೆಗೇ ಹೊಂದಿಸಿ, ಅಂಚಿನ ಸಾಲನ್ನು ಗೋಡೆಗೆ ಹೊಂದಿಸಿ. ಕಣ್ಣು ಫ್ಯಾನನ್ನು ನಡುವೆಂದು ನಂಬುತ್ತದೆ.

ಮೈಸೂರಿನಿಂದ

ಎಲ್ಲರಿಗೂ ವಂದನೆಗಳು. ಹೀಗೆ ನಿಲ್ಲಿಸುತ್ತಿದ್ದೇನೆ: ಸ್ಲ್ಯಾಬಿನ ತಳಮೈಗೆ ‘ಸೀಲಿಂಗು’. ಅದರ ಕೆಳಗೆ ಬೇರೆಯಾಗಿ ಕೂರಿಸುವ ಪದರಕ್ಕೆ ‘ಮುಚ್ಚಿಗೆ’, ಮೊದಲ ಸಲ ಬಂದಾಗ ‘ಫಾಲ್ಸ್ ಸೀಲಿಂಗ್ ಎನ್ನುವ ಮುಚ್ಚಿಗೆ’ ಎಂದು ಬಿಡಿಸಿ. ಸ್ಟೆನ್ಸಿಲ್ ‘ಕೊರೆಹಾಳೆ’. ಕಾರ್ನಿಸ್ ಅಂಗಡಿಗಾಗಿ ಹಾಗೇ ಇರಲಿ, ವಿವರಣೆಯಲ್ಲಿ ‘ಅಂಚುಪಟ್ಟಿ’. ಫ್ಯಾನಿನ ಸುತ್ತಿನದು ಬರೀ ‘ಹೂವು’. ‘ಚಾವಣಿ’ ಎಲ್ಲಿ ಬಂದರೂ ಹೊರಗಿನದಕ್ಕೆ ಮಾತ್ರ. ಬಟ್ಟೆ ಇಳಿಬಿಡುವ ಅಧ್ಯಾಯಕ್ಕೆ ‘ಮೇಲ್ಕಟ್ಟು’ ಎಂದು ಹಾಕಿದ್ದೇನೆ. ಪೂಜೆಯ ಮಂಟಪದ ಮೇಲೆ ಕಟ್ಟುವ ಬಟ್ಟೆಗೆ ಅದೇ ಮಾತು ಬಳಕೆಯಲ್ಲಿದೆ.

ಕೊನೆಯದೊಂದು ಅನುಮಾನ, ಕಾಗದ ಅಂಟಿಸುವ ಅಧ್ಯಾಯದಲ್ಲಿ: “ಸುರುಳಿಯ ಅಗಲ 53 ಸೆಂ.ಮೀ., ಉದ್ದ 10 ಮೀ. ಹತ್ತು ಹನ್ನೆರಡಡಿಯ ಕೋಣೆಗೆ 3.15 ಮೀ.ನ ಏಳು ಪಟ್ಟೆ ಬೇಕು. ಒಂದು ಸುರುಳಿಗೆ ಮೂರು ಪಟ್ಟೆ, ಆದ್ದರಿಂದ ಮೂರು ಸುರುಳಿ. ಪಟ್ಟೆಗಳನ್ನು ಕಿಟಕಿಯ ಗೋಡೆಗೆ ಸಮಾನಾಂತರವಾಗಿ, ಕಿಟಕಿಯ ಕಡೆಯಿಂದ ಅಂಟಿಸುತ್ತಾ ಬನ್ನಿ, ಆಗ ಕೂಡುಗೆರೆಯ ನೆರಳು ಬೀಳದು.” ಪಟ್ಟೆಯೋ, ಪಟ್ಟಿಯೋ?

ಧಾರವಾಡದಿಂದ

ಪಟ್ಟಿ. ಪಟ್ಟೆ ಹುಲಿ ಮೈಮ್ಯಾಲೆ ಇರ್ತದ.

ಬೆಂಗಳೂರಿನಿಂದ

‘ಪುಟ್ಟಿ’ ಉಳಿಯಿತಲ್ಲ. ಅದಕ್ಕೆ ‘ಮೆತ್ತು’ ಎಂದು ಹಾಕಿ.

ಶಿರಸಿಯಿಂದ

ನಮ್ಮಲ್ಲಿ ಮೆತ್ತು ಎಂದರೆ ಮಹಡಿ. ಪುಟ್ಟಿ ಇರಲಿ.