‘ಐ ಯಾಮ್ ಎ ಮ್ಯಾನ್’: ಗಂಡಸೋ, ಮನುಷ್ಯನೋ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಮೆಂಫಿಸ್ ಊರಿನ ಕಸ ಎತ್ತುವವರು 1968ರಲ್ಲಿ ಮಾಡಿದ ಮುಷ್ಕರದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ನಾಲ್ಕೇ ಪದದ ಒಂದು ಸಾಲು ಎರಡು ದಿನದಿಂದ ಕಾಡುತ್ತಿದೆ. ಮೆರವಣಿಗೆಯಲ್ಲಿ ಅವರು ಹಿಡಿದಿದ್ದ ಫಲಕದ ಸಾಲು ಅದು: ‘ಐ ಯಾಮ್ ಎ ಮ್ಯಾನ್’. ಅದನ್ನು ಕನ್ನಡಕ್ಕೆ ತರುವುದು ಹೇಗೆ?

ನಡೆದದ್ದು ಇಷ್ಟು. ಫೆಬ್ರುವರಿ 1, ಜೋರು ಮಳೆ. ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಅನ್ನುವ ಇಬ್ಬರು ಕಾರ್ಮಿಕರು ಕಸದ ಲಾರಿಯ ಹಿಂಭಾಗದೊಳಗೆ ಹೊಕ್ಕು ನಿಂತಿದ್ದರು. ಕಸ ಒತ್ತುವ ಯಂತ್ರ ಇದ್ದಕ್ಕಿದ್ದಂತೆ ಶುರುವಾಗಿ ಇಬ್ಬರೂ ಅದರಲ್ಲಿ ಸಿಕ್ಕಿ ಸತ್ತರು. 12ರಂದು ಸುಮಾರು 1,300 ಕಪ್ಪು ಕಾರ್ಮಿಕರು ಕೆಲಸ ನಿಲ್ಲಿಸಿದರು. ವರ್ಣಭೇದದ ಕಾನೂನು ಹೋಗಿ ನಾಲ್ಕು ವರ್ಷವಾಗಿತ್ತು, ಆದರೆ ಊರಿನ ರೂಢಿ ಹೋಗಿರಲಿಲ್ಲ. ತಲೆಮೇಲೆ ಕಸದ ಟಬ್ಬು, ಅದು ಸೋರಿ ಕೊಳೆನೀರೆಲ್ಲ ಮೈಮೇಲೆ. ಮೊಮ್ಮಕ್ಕಳಿದ್ದವರನ್ನೂ ಬಿಳಿಯರು ‘ಬಾಯ್’ ಅಂತಲೇ ಕರೆಯುತ್ತಿದ್ದರು.

ಆ ‘ಬಾಯ್’ಗೆ ಉತ್ತರ ಈ ಫಲಕ. ಹಾಗಾಗಿ ‘ನಾನು ಗಂಡಸು’ ಅನ್ನೋಣ ಅಂದರೆ ಮೀಸೆ ತಿರುವಿದ ಹಾಗೆ ಕೇಳುತ್ತದೆ. ‘ನಾನು ಮನುಷ್ಯ’ ಅಂದರೆ ಘನತೆ ಬರುತ್ತದೆ, ಆದರೆ ‘ಹುಡುಗನಲ್ಲ’ ಅನ್ನುವ ಏಟು ಹೋಗಿಬಿಡುತ್ತದೆ. ‘ಆಳು’ ಅನ್ನುವ ಒಳ್ಳೆ ಹಳೆಯ ಪದ ಇದೆ, ಆದರೆ ಅದೇ ಪದಕ್ಕೆ ಕೂಲಿಯವನು ಅಂತಲೂ ಅರ್ಥ. ಇಲ್ಲಿ ಅದನ್ನು ತಂದರೆ ಎಡವಟ್ಟು, ಅಲ್ವಾ?

‘ಬಾಯ್’ ಕೂಡ ಸುಲಭವಲ್ಲ. ‘ಹುಡುಗ’ ಅಂದರೆ ನಮ್ಮಲ್ಲಿ ಅಷ್ಟು ಚುಚ್ಚುವುದಿಲ್ಲ. ನಮ್ಮ ಅವಮಾನವೆಲ್ಲ ಏಕವಚನದಲ್ಲಿದೆ. ಅಪ್ಪನ ವಯಸ್ಸಿನವರಿಗೆ ‘ಬಾರೋ ಇಲ್ಲಿ’ ಅನ್ನುವುದೇ ಅದಕ್ಕೆ ಹತ್ತಿರ ಅಂತ ನನಗನಿಸುತ್ತದೆ.

ಇನ್ನೊಂದು ತೊಡಕು. ಫಲಕದಲ್ಲಿ ‘ಯಾಮ್’ ಕೆಳಗೆ ಗೆರೆ ಎಳೆದಿದ್ದಾರೆ. ಇಡೀ ಸಾಲಿನ ಜೋರು ಅಲ್ಲಿದೆ. ನಮ್ಮ ‘ನಾನು ಮನುಷ್ಯ’ದಲ್ಲಿ ಆ ಕ್ರಿಯಾಪದವೇ ಇಲ್ಲ. ಗೆರೆ ಎಳೆಯೋದು ಎಲ್ಲಿಗೆ? ‘ನಾನೂ ಮನುಷ್ಯ’ ಅಂದರೆ ಕೈಮುಗಿದು ಕೇಳಿದಂತಾಗುತ್ತದೆ, ಅವರು ಕೇಳುತ್ತಿರಲಿಲ್ಲ, ಹೇಳುತ್ತಿದ್ದರು. ‘ನಾನು ಮನುಷ್ಯನೇ’ ಅನ್ನೋಣವೆಂದರೆ, ಬರಹದಲ್ಲಿ ಅದು ಪ್ರಶ್ನೆಯಾಗಿಯೂ ಕಾಣಬಹುದು. ಪಾಪ, ಅವರು ತಮ್ಮ ಮೇಲೇ ಅನುಮಾನ ಪಟ್ಟಂತೆ!

ಮುಷ್ಕರಕ್ಕೆ ಬೆಂಬಲವಾಗಿ ಬಂದಿದ್ದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅದೇ ಊರಲ್ಲಿ ಕೊಲೆಯಾದರು. 16ರಂದು ನಗರಾಡಳಿತ ಕಾರ್ಮಿಕರ ಸಂಘಕ್ಕೆ ಮಾನ್ಯತೆ ಕೊಟ್ಟಿತು. ಇದನ್ನೆಲ್ಲ ಬರೆದಾಗಿದೆ. ಫಲಕದ ಜಾಗ ಮಾತ್ರ ಖಾಲಿ.

ಸದ್ಯಕ್ಕೆ ‘ನಾನು ಮನುಷ್ಯ ಕಣ್ರೀ’ ಅಂತ ಪೆನ್ಸಿಲಲ್ಲಿ ಬರೆದಿಟ್ಟಿದ್ದೇನೆ. ಆ ‘ಕಣ್ರೀ’ ಗೆರೆಯ ಕೆಲಸ ಮಾಡುತ್ತದೆ, ಆದರೆ ಬಿಳಿಯರಿಗೆ ಬಹುವಚನದ ಮರ್ಯಾದೆಯನ್ನೂ ಕೊಡುತ್ತದೆ. ‘ಕಣೋ’ ಅಂದರೆ ಜಗಳ. ನಿಮ್ಮ ಊರಿನ ಮಾತಲ್ಲಿ ಇದಕ್ಕೆ ಬೇರೆ ದಾರಿ ಇದೆಯಾ? ಧಾರವಾಡ, ಕಲಬುರಗಿ ಕಡೆಯವರು ಹೇಗೆ ಹೇಳುತ್ತೀರಿ?