ಹಳೇ ಡೆಸ್ಕ್‌ಟಾಪ್‌ನಲ್ಲಿ ಚಂದನ ರೆಕಾರ್ಡ್ ಮಾಡಬಹುದಾ? (ಡಿಡಿ ಫ್ರೀ ಡಿಶ್)

ಸುಧಾ_ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಬೆಂಗಳೂರಿನಲ್ಲಿ. ಅಪ್ಪಯ್ಯ, ಅಮ್ಮ ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾರೆ. ಮನೆಯಲ್ಲಿ ಫ್ರೀ ಡಿಶ್ ಇದೆ, ನೋಡುವುದು ಜಾಸ್ತಿ ಚಂದನವೇ. ಅಮ್ಮನಿಗೆ ‘ಥಟ್ ಅಂತ ಹೇಳಿ’ ತಪ್ಪಬಾರದು. ಆದರೆ ಕೊನೆ ಕೊಯ್ಲು ಶುರುವಾದರೆ ರಾತ್ರಿಯೆಲ್ಲ ಅಡಿಕೆ ಸುಲಿಯುವ ಕೆಲಸ. ಟಿವಿ ಮುಂದೆ ಕೂರಲು ಯಾರಿಗೆ ಪುರುಸೊತ್ತು? ಹಾಗಾಗಿ ರೆಕಾರ್ಡ್ ಮಾಡಿಟ್ಟು ಬಿಡುವಾದಾಗ ನೋಡುವ ಹಾಗೆ ಮಾಡಿಕೊಡಬೇಕು ಅಂತ ನನ್ನ ಆಸೆ. ದಸರಾಕ್ಕೆ ಜಂಬೂ ಸವಾರಿಯನ್ನೂ ಪೂರ್ತಿ ಇಟ್ಟುಕೊಳ್ಳಬೇಕಂತೆ, ಇದು ಅಪ್ಪಯ್ಯನ ಬೇಡಿಕೆ.

ಸೆಟ್ ಟಾಪ್ ಬಾಕ್ಸ್‌ನಲ್ಲಿ ಯುಎಸ್‌ಬಿ ಇದೆ. ಪೆನ್‌ಡ್ರೈವ್ ಹಾಕಿದರೆ ರೆಕಾರ್ಡ್ ಆಗುತ್ತದೆ. ಆದರೆ ಕರೆಂಟ್ ಹೋಗಿ ಬಂದರೆ ಅದರ ಗಡಿಯಾರ ಎಲ್ಲೋ ಹೋಗಿರುತ್ತದೆ, ಟೈಮರ್ ಇಟ್ಟಿದ್ದೂ ದಂಡ. ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ.

ಅಟ್ಟದ ಮೇಲೆ ತಮ್ಮನ ಹಳೇ ಡೆಸ್ಕ್‌ಟಾಪ್ ಇದೆ. ಐ3, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಒಳಗೆ ಒಂದು ಟಿವಿ ಟ್ಯೂನರ್ ಕಾರ್ಡ್ ಕೂಡ ಇದೆ, ಅದಕ್ಕಿಂತ ಹಳೇ ಕಂಪ್ಯೂಟರ್‌ನಿಂದ ಬಿಚ್ಚಿ ಹಾಕಿದ್ದು. ಡಿಶ್‌ನ ವೈರ್ ತಂದು ಅದಕ್ಕೆ ಸಿಗಿಸೋಣ ಅಂದರೆ ಪಿನ್ ಕೂರುವುದೇ ಇಲ್ಲ. ಡಿಶ್ ವೈರಿನದು ತಿರುಗಿಸುವ ಪಿನ್, ಕಾರ್ಡಿನದು ಸುಮ್ನೆ ಒತ್ತಿ ಚುಚ್ಚುವ ತೂತು. ಕನ್ವರ್ಟರ್ ಪಿನ್ ಸಿಗುತ್ತದಾ? ಈ ಕಂಪ್ಯೂಟರ್ ಸಾಕಾ, ಹೊಸದು ಬೇಕಾ?

ನೆಟ್_ಪ್ರಿಯ

ಇಷ್ಟೆಲ್ಲ ಯಾಕೆ ಮೇಡಂ? ಚಂದನದ ಕಾರ್ಯಕ್ರಮಗಳು ಯೂಟ್ಯೂಬ್‌ನಲ್ಲೇ ಸಿಗುತ್ತವಲ್ಲ. ಸ್ಮಾರ್ಟ್ ಟಿವಿ ಕೊಡಿಸಿಬಿಡಿ.

ಸುಧಾ_ತೀರ್ಥಹಳ್ಳಿ

ಸಿಗುತ್ತವೆ, ಬೆಂಗಳೂರಿನಲ್ಲಿ. ನಮ್ಮ ಮನೆಯಲ್ಲಿ ಫೋನ್ ಮಾತಾಡಬೇಕಾದರೆ ಕಣದ ಮೂಲೆಗೆ ಹೋಗಿ ನಿಲ್ಲಬೇಕು. ವಾಟ್ಸಾಪ್ ಮೆಸೇಜ್ ಬರುತ್ತದೆ, ವಿಡಿಯೋ ತಿರುಗುತ್ತಾ ಇರುತ್ತದೆ.

ಸಾಗರದ_ಟ್ಯೂನರ್

ಸುಧಾ ಅವರೇ, ಆ ಕನ್ವರ್ಟರ್ ಪಿನ್ ಹುಡುಕಲು ಹೋಗಬೇಡಿ. ಪಿನ್ ಅಂಗಡಿಯಲ್ಲಿ ಸಿಗುತ್ತದೆ, ಚಿತ್ರ ಬರುವುದಿಲ್ಲ.

ನಾನು ಸಾಗರದಲ್ಲಿ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದವನು. ನಿಮ್ಮಲ್ಲಿರುವಂಥ ಕಾರ್ಡುಗಳನ್ನು ಎಷ್ಟೋ ಮನೆಗೆ ಹಾಕಿಕೊಟ್ಟಿದ್ದೇನೆ. ಬಿಟಿ878 ಅನ್ನುವ ಚಿಪ್ ಇರುತ್ತಿತ್ತು, ಅಥವಾ ಫಿಲಿಪ್ಸ್‌ನ ಎಸ್‌ಎಎ7134. ಕಾರ್ಡ್ ಬಿಚ್ಚಿ ನೋಡಿ, ಚಿಪ್ ಮೇಲೆ ಅಚ್ಚಾಗಿರುತ್ತದೆ. ಆಗ ಕೇಬಲ್ ವೈರ್ ನೇರ ಕಾರ್ಡಿಗೆ ಚುಚ್ಚಿದರೆ ಆಯಿತು, ಎಲ್ಲ ಚಾನಲ್ ಬರುತ್ತಿದ್ದವು. ಅದು ಅನಲಾಗ್ ಕಾಲ, ಈ ಕಾರ್ಡಿಗೆ ಡಿಜಿಟಲ್ ಅರ್ಥವಾಗುವುದಿಲ್ಲ. 2012ರಿಂದ 2017ರ ತನಕ ನಾಲ್ಕು ಹಂತದಲ್ಲಿ ಕೇಬಲ್ಲೆಲ್ಲ ಡಿಜಿಟಲ್ ಆಯಿತು. ದೂರದರ್ಶನದ ಅನಲಾಗ್ ಟ್ರಾನ್ಸ್‌ಮಿಟರ್‌ಗಳೂ ಒಂದೊಂದಾಗಿ ಬಂದ್ ಆದವು. ಈಗ ಆ ತೂತಿಗೆ ಏನು ಚುಚ್ಚಿದರೂ ಬರುವುದು ಬರೀ ಗುಜುಗುಜು ಚುಕ್ಕಿ.

ಆದರೂ ಕಾರ್ಡ್ ಗುಜರಿಗೆ ಹಾಕಬೇಡಿ. ಹಿಂದೆ ಹಳದಿ ಬಣ್ಣದ ಗುಂಡು ಸಾಕೆಟ್ ಇದೆಯಾ ನೋಡಿ. ಇದ್ದರೆ ಸೆಟ್ ಟಾಪ್ ಬಾಕ್ಸ್‌ನ ಎವಿ ಔಟ್‌ನಿಂದ ಹಳದಿ ವೈರ್ ಅಲ್ಲಿಗೆ, ಕೆಂಪು ಬಿಳಿ ವೈರ್‌ಗಳನ್ನು ಕಂಪ್ಯೂಟರ್‌ನ ಲೈನ್ ಇನ್‌ಗೆ ಕೊಟ್ಟು ಇವತ್ತೇ ರೆಕಾರ್ಡ್ ಮಾಡಬಹುದು. ತೊಂದರೆ ಏನೆಂದರೆ, ಬಾಕ್ಸ್ ಆನ್ ಇದ್ದು ಚಂದನದಲ್ಲೇ ನಿಂತಿರಬೇಕು. ಯಾರೋ ರಿಮೋಟ್ ಒತ್ತಿ ವಾರ್ತೆ ಹಾಕಿದರೆ ರೆಕಾರ್ಡ್ ಆಗುವುದು ವಾರ್ತೆಯೇ. ಇನ್ನೊಂದು, ಈ ದಾರಿಯಲ್ಲಿ ಕಾರ್ಡ್ ಕೊಡುವುದು ಕುಗ್ಗಿಸದ ಹಸಿ ಚಿತ್ರ. ಪಾಲ್ (ನಮ್ಮ ಹಳೇ ಟಿವಿ ಪದ್ಧತಿ) ಚಿತ್ರ ಅಂದರೆ 720 ಗುಣಿಸು 576 ಚುಕ್ಕಿ, ಸೆಕೆಂಡಿಗೆ 25 ಸಲ. ಲೆಕ್ಕ ಹಾಕಿದರೆ ಸೆಕೆಂಡಿಗೆ 20 ಎಂಬಿ ದಾಟುತ್ತದೆ, ಗಂಟೆಗೆ 70 ಜಿಬಿ ಮೇಲೆ. ಅದನ್ನು ಕುಗ್ಗಿಸುವ ಕೆಲಸವೆಲ್ಲ ಪ್ರೊಸೆಸರ್‌ನ ತಲೆ ಮೇಲೆ. ಪೆಂಟಿಯಂ 4 ಕಾಲದಲ್ಲಿ ರೆಕಾರ್ಡ್ ಹಾಕಿ ಪಕ್ಕದಲ್ಲಿ ಇನ್ನೊಂದು ಪ್ರೋಗ್ರಾಂ ತೆರೆದರೆ ಸಾಕು, ಚಿತ್ರ ಕುಂಟುತ್ತಿತ್ತು.

ಡಿಶ್‌ನಿಂದ ನೇರ ತೆಗೆದುಕೊಂಡರೆ ಈ ರಗಳೆಯೇ ಇಲ್ಲ. ನಾನು ಹೇಳಬೇಕು ಅಂತಿರುವುದೇ ಇದು. ಉಪಗ್ರಹದಿಂದ ಬರುವ ಚಿತ್ರವನ್ನು ಅಲ್ಲೇ ಕುಗ್ಗಿಸಿ ಕಳಿಸಿರುತ್ತಾರೆ. ಚಂದನದಂಥ ಚಾನಲ್‌ಗೆ ಬೀಗವೂ ಇಲ್ಲ. ಕಂಪ್ಯೂಟರ್ ಮಾಡಬೇಕಾದ್ದು ಬಂದದ್ದನ್ನು ಬಂದ ಹಾಗೇ ಡಿಸ್ಕ್‌ಗೆ ಸುರಿಯುವುದು, ಅಷ್ಟೇ. ಸೆಕೆಂಡಿಗೆ ಹೆಚ್ಚುಕಡಿಮೆ ಅರ್ಧ ಎಂಬಿ. ಗಂಟೆಗೆ 2 ಜಿಬಿ ಒಳಗೆ ಅಂತ ಇಟ್ಟುಕೊಳ್ಳಿ. ನಿಮ್ಮ ಐ3 ಇದನ್ನು ನಿದ್ದೆಗಣ್ಣಲ್ಲೂ ಮಾಡುತ್ತದೆ. ಹೊಸ ಕಂಪ್ಯೂಟರ್ ಮಾತೇ ಬೇಡ.

ಬೇಕಾದ್ದು ಡಿವಿಬಿ-ಎಸ್2, ಅಂದರೆ ಉಪಗ್ರಹದ ಡಿಜಿಟಲ್ ಟಿವಿ ಹಿಡಿಯುವ ಟ್ಯೂನರ್. ಈ ‘ಎಸ್2’ ಅಕ್ಷರ ನೋಡಿಯೇ ಕೊಳ್ಳಿ. ಆನ್‌ಲೈನಲ್ಲಿ ಬೆರಳುದ್ದದ ಅಗ್ಗದ ‘ಡಿಜಿಟಲ್ ಟಿವಿ ಸ್ಟಿಕ್’ ಸಿಗುತ್ತದೆ, ಒಳಗೆ ಆರ್‌ಟಿಎಲ್2832ಯು ಚಿಪ್. ಅದು ಡಿವಿಬಿ-ಟಿ, ಯುರೋಪಿನಲ್ಲಿ ಆಂಟೆನಾಕ್ಕೆ ಮಾಡಿದ್ದು. ಡಿಶ್‌ಗೂ ಅದಕ್ಕೂ ಸಂಬಂಧವಿಲ್ಲ. ಟಿಬಿಎಸ್ ಕಂಪನಿಯದು ಎಸ್2ಗೆ ಯುಎಸ್‌ಬಿಯಲ್ಲೂ ಇದೆ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡಿನಲ್ಲೂ ಇದೆ. ಸೆಟ್ ಟಾಪ್ ಬಾಕ್ಸ್‌ನ ರೇಟಿಗೆ ಸಿಗುವುದಿಲ್ಲ, ಕೆಲವು ಸಾವಿರ ಬಿಚ್ಚಬೇಕು. ದೊಡ್ಡ ಖರ್ಚು ಇದೊಂದೇ.

ಸಾಫ್ಟ್‌ವೇರ್ ಪುಕ್ಕಟೆ. ನಾನು ಬಳಸುವುದು ವಿಂಡೋಸ್ ಬದಲು ಲಿನಕ್ಸ್, ಅದರ ಮೇಲೆ ಟಿವಿಹೆಡೆಂಡ್ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ. ಮಾನಿಟರ್ ಕೂಡ ಬೇಡ, ಫೋನಿನ ಬ್ರೌಸರ್‌ನಲ್ಲಿ 9981 ಪೋರ್ಟ್ ತೆರೆದರೆ ಎಲ್ಲ ಅಲ್ಲೇ. ಟಿಬಿಎಸ್ ತಗೊಂಡರೆ ಒಂದು ಕಿರಿಕಿರಿ ಇದೆ. ಅದರ ಡ್ರೈವರ್ ನಾವೇ ಕಂಪೈಲ್ ಮಾಡಿ ಹಾಕಬೇಕು, ಕರ್ನಲ್ (ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದರೆ ಮತ್ತೆ ಮಾಡಬೇಕು. ಅದಕ್ಕೇ ಅಪ್‌ಡೇಟ್ ನಿಲ್ಲಿಸಿಬಿಡಿ. ಹಳ್ಳಿ ಮನೆಯಲ್ಲಿ ಟಿವಿ ಹಿಡಿಯುವ ಡಬ್ಬಿಗೆ ಯಾವ ಅಪ್‌ಡೇಟ್ ಮಾರಾಯ್ರೆ.

ಚಾನಲ್ ಹುಡುಕಲು ಉಪಾಯ ಹೇಳುತ್ತೇನೆ. ನೆಟ್‌ನಲ್ಲಿ ಪಟ್ಟಿ ಹುಡುಕುತ್ತಾ ಕೂರಬೇಡಿ, ಫ್ರೀಕ್ವೆನ್ಸಿ ಆಗಾಗ ಬದಲಾಗುತ್ತದೆ. ನಿಮ್ಮ ಬಾಕ್ಸ್‌ನಲ್ಲೇ ಚಂದನ ಹಾಕಿ ರಿಮೋಟ್‌ನ ಇನ್ಫೋ ಬಟನ್ ಒತ್ತಿ, ಕೆಲವದರಲ್ಲಿ ಎರಡು ಸಲ ಒತ್ತಬೇಕು. ಫ್ರೀಕ್ವೆನ್ಸಿ, ಪೋಲರೈಸೇಶನ್ (‘H’ ಅಥವಾ ‘V’ ಅಕ್ಷರ), ಸಿಂಬಲ್ ರೇಟ್ ಮೂರೂ ತೋರಿಸುತ್ತದೆ. ಅದನ್ನೇ ಟಿವಿಹೆಡೆಂಡ್‌ನಲ್ಲಿ ತುಂಬಿ ಸ್ಕ್ಯಾನ್ ಕೊಡಿ. ಒಂದೇ ಫ್ರೀಕ್ವೆನ್ಸಿಯಲ್ಲಿ ಬರುವ ಚಾನಲ್‌ಗಳನ್ನೆಲ್ಲ ಒಂದೇ ಟ್ಯೂನರ್ ಒಟ್ಟಿಗೆ ರೆಕಾರ್ಡ್ ಮಾಡುತ್ತದೆ, ಇದು ಸೆಟ್ ಟಾಪ್ ಬಾಕ್ಸ್‌ನಲ್ಲಿ ಆಗದ ಕೆಲಸ. ಎಂಪೆಗ್-4 (ಚಿತ್ರ ಕುಗ್ಗಿಸುವ ಹೊಸ ವಿಧಾನ) ಬಳಸುವ ಕೆಲವು ಖಾಸಗಿ ಚಾನಲ್‌ಗೆ ಮಾತ್ರ ಐಕ್ಯಾಸ್ ಅನ್ನುವ ಬೀಗ ಇದೆ, ಅವು ಬರುವುದಿಲ್ಲ.

ಅಟ್ಟದಿಂದ ಇಳಿಸಿದ ಕೂಡಲೇ ಮದರ್‌ಬೋರ್ಡ್ ಮೇಲಿನ ಸಿಆರ್2032 ಸೆಲ್ ಬದಲಾಯಿಸಿ. ಅದು ಸತ್ತಿರುತ್ತದೆ. ಹಾಗೇ ಬಿಟ್ಟರೆ ಕರೆಂಟ್ ಹೋದಾಗ ಇದರ ಗಡಿಯಾರವೂ ನಿಮ್ಮ ಬಾಕ್ಸ್‌ನ ಹಾಗೇ ತಪ್ಪುತ್ತದೆ. ಬಯಾಸ್‌ಗೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪುಟ) ಹೋಗಿ, ಕರೆಂಟ್ ಬಂದ ಮೇಲೆ ತಾನೇ ಆನ್ ಆಗುವ ಆಯ್ಕೆಯನ್ನೂ ಹಾಕಿ. ಅಪ್ಪಯ್ಯ ಬಂದು ಬಟನ್ ಒತ್ತುವ ತಾಪತ್ರಯ ಬೇಡ.

ಮೈಸೂರು_ಗಿರಿ

ಲಿನಕ್ಸ್ ಬರದವರಿಗೆ ವಿಂಡೋಸ್‌ನಲ್ಲಿ ನೆಕ್ಸ್ಟ್‌ಪಿವಿಆರ್ ಅನ್ನುವ ಪ್ರೋಗ್ರಾಂ ಇದೆ. ಚೆನ್ನಾಗಿದೆ, ಕಂಪ್ಯೂಟರನ್ನು ನಿದ್ದೆಯಿಂದ ತಾನೇ ಎಬ್ಬಿಸಿ ರೆಕಾರ್ಡ್ ಮಾಡುತ್ತದೆ. ವಿಂಡೋಸ್ 7ರಲ್ಲಿ ಮೀಡಿಯಾ ಸೆಂಟರ್ ಅಂತಲೇ ಇತ್ತು. 10ಕ್ಕೆ ಬರುವಾಗ ಮೈಕ್ರೋಸಾಫ್ಟ್‌ನವರು ಕಿತ್ತುಹಾಕಿದರು, ನನಗೆ ಇವತ್ತಿಗೂ ಬೇಜಾರು.

ಇನ್ನೊಂದು ಪ್ರಶ್ನೆ. ಬಾಕ್ಸ್‌ನ ಎಚ್‌ಡಿಎಂಐ ತಂತಿಯನ್ನು ಕ್ಯಾಪ್ಚರ್ ಡಬ್ಬಿಗೆ ಹಾಕಿದರೆ ಸುಲಭ ಅಲ್ವಾ? ಐನೂರು ಚಿಲ್ಲರೆಗೆಲ್ಲ ಮಾರುತ್ತಾರೆ.

ಸಾಗರದ_ಟ್ಯೂನರ್

ಗಿರಿಯವರೇ, ಬಾಕ್ಸ್‌ನ ಎಚ್‌ಡಿಎಂಐಗೆ ಎಚ್‌ಡಿಸಿಪಿ ಅನ್ನುವ ನಕಲು ತಡೆಯುವ ಬೀಗ ಇದ್ದರೆ ಕ್ಯಾಪ್ಚರ್ ಡಬ್ಬಿ ಕಪ್ಪು ಪರದೆ ತೋರಿಸುತ್ತದೆ. ಬೀಗ ಇಲ್ಲದಿದ್ದರೂ ಚಾನಲ್ ಬದಲಾಯಿಸುವ ತಾಪತ್ರಯ ಅದೇ. ಕುಗ್ಗಿಸಿದ್ದನ್ನು ಬಿಚ್ಚಿ ಮತ್ತೆ ಕುಗ್ಗಿಸುವುದರಿಂದ ಚಿತ್ರವೂ ಮಂಕು.

ಸುಧಾ_ತೀರ್ಥಹಳ್ಳಿ

ತುಂಬಾ ಥ್ಯಾಂಕ್ಸ್ ಅಣ್ಣ. ಕಾರ್ಡ್ ಬಿಚ್ಚಿಸಿ ನೋಡಿದೆ, ನೀವು ಹೇಳಿದ ಹಾಗೇ ಬಿಟಿ878. ಇನ್ನು ಮೂರು ಅನುಮಾನ. ಡಿಶ್ ಒಂದೇ, ವೈರ್ ಒಂದೇ. ಅಪ್ಪಯ್ಯ ಟಿವಿ ನೋಡುತ್ತಿರುವಾಗಲೇ ಕಂಪ್ಯೂಟರ್ ರೆಕಾರ್ಡ್ ಮಾಡಬೇಕು, ಸ್ಪ್ಲಿಟರ್ ಹಾಕಿದರೆ ಆಯಿತಾ? ರೆಕಾರ್ಡ್ ಆದದ್ದನ್ನು ಹಾಲ್‌ನ ಟಿವಿಯಲ್ಲಿ ನೋಡುವುದು ಹೇಗೆ? ಮತ್ತೆ ಪ್ರತಿ ಸಲ ಟೈಮ್ ಇಡುವುದಕ್ಕೆ ನಾನು ಊರಿಗೇ ಹೋಗಬೇಕಾ?

ಸಾಗರದ_ಟ್ಯೂನರ್

ಸ್ಪ್ಲಿಟರ್ ಬೇಡ. ರಿಸೀವರ್ ಆದದ್ದು ಡಿಶ್ ತುದಿಯ ಎಲ್‌ಎನ್‌ಬಿಗೆ (ಸಿಗ್ನಲ್ ಹಿಡಿಯುವ ಡಬ್ಬಿ) ಅದೇ ವೈರಿನಲ್ಲಿ ಕರೆಂಟ್ ಕಳಿಸುತ್ತದೆ. 13 ವೋಲ್ಟ್ ಕೊಟ್ಟರೆ ಒಂದು ಗುಂಪಿನ ಚಾನಲ್, 18 ಕೊಟ್ಟರೆ ಇನ್ನೊಂದು ಗುಂಪು. ಒಂದೇ ಎಲ್‌ಎನ್‌ಬಿಗೆ ಎರಡು ಯಜಮಾನರಾದರೆ ಯಾರ ಮಾತು ಕೇಳಬೇಕು ಅದು? ಎರಡು ಬಾಯಿಯ ಎಲ್‌ಎನ್‌ಬಿ ಹಾಕಿಸಿ, ಡ್ಯುಯಲ್ ಅಂತ ಕೇಳಿದರೆ ಕೊಡುತ್ತಾರೆ, ದುಬಾರಿ ಏನಲ್ಲ. ಎರಡನೇ ಬಾಯಿಯಿಂದ ಬೇರೆಯೇ ಆರ್‌ಜಿ6 ವೈರ್ ಕಂಪ್ಯೂಟರ್‌ಗೆ ಎಳೆಸಿ. ಡಿಶ್ ಹೊಂದಿಸುವವರು ಬಂದಾಗಲೇ ಮುಂದೆ ಏನು ಅಡ್ಡ ಇದೆ ಅಂತಲೂ ನೋಡಿಸಿಕೊಳ್ಳಿ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, 93.5 ಡಿಗ್ರಿ ಪೂರ್ವ. ನಮ್ಮ ಕಡೆಯಿಂದ ಅದು ಆಗ್ನೇಯಕ್ಕೆ, ಸಾಕಷ್ಟು ಮೇಲೆ. ಹಾಕುವಾಗ ಚಿಕ್ಕದಿದ್ದ ಅಡಿಕೆ ಮರ ಈಗ ಗರಿ ಬಿಚ್ಚಿ ಅಡ್ಡ ನಿಂತಿರುತ್ತದೆ, ಗಾಳಿ ಬಂದಾಗ ಮಾತ್ರ ಚಿತ್ರ ಒಡೆಯುತ್ತಿದ್ದರೆ ಅದೇ ಕಾರಣ. (ಆ ಉಪಗ್ರಹವನ್ನು 2015ರಲ್ಲಿ ಹಾರಿಸಿದ್ದು ಫ್ರೆಂಚ್ ಗಯಾನಾದಿಂದ, ಈಗ ನೋಡಿಕೊಳ್ಳುವುದು ನಮ್ಮ ಹಾಸನದ ಎಂಸಿಎಫ್, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ. ಹಾಸನದ ಭಾವನ ಮುಂದೆ ಹೇಳಿದರೆ ಎದೆ ಉಬ್ಬಿಸುತ್ತಾನೆ.)

ಹಾಲ್‌ನ ಟಿವಿಗೆ ಪೆನ್‌ಡ್ರೈವೇ ಸಾಕು. ಫೈಲ್ ‘ಟಿಎಸ್’ ಅಂತ ಬರುತ್ತದೆ, ಈಗಿನ ಟಿವಿಗಳಲ್ಲಿ ಹೆಚ್ಚಿನವು ಹಾಗೇ ಓಡಿಸುತ್ತವೆ. ಆದರೆ ಜಂಬೂ ಸವಾರಿ ಮೂರು ಗಂಟೆ ಹಿಡಿದರೆ ಫೈಲ್ 5 ಜಿಬಿ ದಾಟುತ್ತದೆ. ಫ್ಯಾಟ್32 ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೇಲಿನ ಫೈಲ್ ಕೂರುವುದೇ ಇಲ್ಲ. ಎಕ್ಸ್‌ಫ್ಯಾಟ್ ಮಾಡಿ ಟಿವಿ ಒಪ್ಪುತ್ತದಾ ನೋಡಿ, ಇಲ್ಲಾ ಲಾಸ್‌ಲೆಸ್‌ಕಟ್ ಅನ್ನುವ ಪ್ರೋಗ್ರಾಂನಲ್ಲಿ ಎರಡು ತುಂಡು ಮಾಡಿ. ನೇರ ಪ್ರಸಾರಕ್ಕೆ ಟೈಮರ್ ಇಡುವಾಗ ಶುರುವಿಗಿಂತ ಹತ್ತು ನಿಮಿಷ ಮೊದಲು, ಮುಗಿಯುವ ಹೊತ್ತಿನ ಮೇಲೆ ಒಂದು ಗಂಟೆ ಜಾಸ್ತಿ ಇರಲಿ. ಆನೆ ನಮ್ಮ ಟೈಮರ್ ನೋಡಿ ನಡೆಯುವುದಿಲ್ಲ. ಕಂಪ್ಯೂಟರ್ ಪರದೆಯಲ್ಲೇ ನೋಡಿದರೆ ಅಂಬಾರಿಯ ಅಂಚು ಬಾಚಣಿಗೆ ಹಲ್ಲಿನಂತೆ ಕಾಣುತ್ತದೆ, ಆನೆ ನಿಂತರೆ ಸರಿಹೋಗುತ್ತದೆ. ರೆಕಾರ್ಡಿಂಗ್ ಕೆಟ್ಟಿಲ್ಲ. ಟಿವಿಗೆಂದು ಬೆಸ ಗೆರೆ ಒಮ್ಮೆ, ಸಮ ಗೆರೆ ಒಮ್ಮೆ ಕಳಿಸುವುದರಿಂದ ಹಾಗೆ. ವಿಎಲ್‌ಸಿಯಲ್ಲಿ ಡೀಇಂಟರ್‌ಲೇಸ್ ಆನ್ ಮಾಡಿ.

ಟೈಮ್ ಇಡಲು ಊರಿಗೆ ಹೋಗಬೇಕಿಲ್ಲ. ಆ ಕಂಪ್ಯೂಟರ್‌ನಲ್ಲೂ ನಿಮ್ಮ ಫೋನಿನಲ್ಲೂ ಟೇಲ್‌ಸ್ಕೇಲ್ ಹಾಕಿ, ದೂರದಿಂದಲೇ ನೆಟ್ ಮೂಲಕ ಎರಡನ್ನೂ ಜೋಡಿಸುವ ಪ್ರೋಗ್ರಾಂ ಅದು. ವಾಟ್ಸಾಪ್ ಮೆಸೇಜ್ ಬರುವಷ್ಟು ನೆಟ್ ಇದ್ದರೆ ಟಿವಿಹೆಡೆಂಡ್ ಪುಟ ನಿಧಾನಕ್ಕಾದರೂ ತೆರೆಯುತ್ತದೆ, ವಿಡಿಯೋ ನೆಟ್ ಮೇಲೆ ಬರಬೇಕಿಲ್ಲವಲ್ಲ. ‘ಥಟ್ ಅಂತ ಹೇಳಿ’ಯನ್ನು ವಾರದ ದಿನ ಆರಿಸಿ ಒಮ್ಮೆ ಇಟ್ಟರೆ ತಾನೇ ಆಗುತ್ತಿರುತ್ತದೆ. ಹಳೆಯದು ಇಷ್ಟು ದಿನದ ಮೇಲೆ ತಾನೇ ಅಳಿಸಲಿ ಅಂತಲೂ ಹೇಳಬಹುದು.

ಮಳೆಗಾಲದ ಮಾತು ಹೇಳಿಬಿಡುತ್ತೇನೆ. ಈ ಡಿಶ್‌ಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ ಜೋರು ಮಳೆಯಲ್ಲಿ ನಿಲ್ಲುವುದಿಲ್ಲ. ಆಷಾಢದಲ್ಲಿ ರೆಕಾರ್ಡಿಂಗ್ ಮಧ್ಯೆ ಮಧ್ಯೆ ಚೌಕ ಚೌಕ ಆಗಿ ನಿಂತರೆ ಟ್ಯೂನರ್ ಬೈಯಬೇಡಿ. ಅದಕ್ಕಿಂತ ಭಯ ಏಪ್ರಿಲ್, ಮೇ ಗುಡುಗಿನದು. ಡಿಶ್ ವೈರ್ ಹಿಡಿದು ಸಿಡಿಲು ಒಳಗೆ ಬಂದರೆ ಟ್ಯೂನರ್ ಜೊತೆ ಮದರ್‌ಬೋರ್ಡೂ ಹೋಗುತ್ತದೆ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೋಗಿದೆ. ದೂರದಲ್ಲಿ ಗುಡುಗಿದ ಕೂಡಲೇ ಡಿಶ್ ಪಿನ್ ಬಿಚ್ಚಿ, ಪ್ಲಗ್ ಕೀಳಲು ಅಪ್ಪಯ್ಯನಿಗೆ ಹೇಳಿಡಿ. ಅವತ್ತಿನ ಕಾರ್ಯಕ್ರಮ ಹೋದರೆ ಹೋಗಲಿ.

ಮೈಸೂರು_ಗಿರಿ

ಇದೆಲ್ಲ ಕಾನೂನಿಗೆ ಸರಿಯಾ?

ಸಾಗರದ_ಟ್ಯೂನರ್

ಮನೆ ಮಟ್ಟಿಗೆ ಸರಿ. 1957ರ ಕಾಪಿರೈಟ್ ಕಾಯ್ದೆಯ 39ನೇ ಸೆಕ್ಷನ್‌ನಲ್ಲೇ ಇದೆ, ರೆಕಾರ್ಡ್ ಮಾಡಿಕೊಂಡವರು ತಮ್ಮ ಸ್ವಂತಕ್ಕೆ ಬಳಸಿದರೆ ಪ್ರಸಾರದ ಹಕ್ಕಿಗೆ ಧಕ್ಕೆ ಅಲ್ಲ ಅಂತ. ಯೂಟ್ಯೂಬ್‌ಗೆ ಹಾಕಬೇಡಿ, ಊರಿಗೆಲ್ಲ ಪೆನ್‌ಡ್ರೈವ್ ಹಂಚಬೇಡಿ.

ಸುಧಾ_ತೀರ್ಥಹಳ್ಳಿ

ಎಲ್‌ಎನ್‌ಬಿ ಹಾಕುವವರಿಗೆ ಫೋನ್ ಮಾಡಿದೆ ಅಣ್ಣ, ಈ ವಾರ ಬರುತ್ತಾರಂತೆ. ಕಂಪ್ಯೂಟರ್ ಅಟ್ಟದಿಂದ ಇಳಿಸಿದ್ದಾರೆ. ಯುಎಸ್‌ಬಿ ಟ್ಯೂನರ್ ತಗೊಳ್ಳಲಾ, ಒಳಗೆ ಹಾಕುವ ಕಾರ್ಡಾ?

ಸಾಗರದ_ಟ್ಯೂನರ್

ಯುಎಸ್‌ಬಿ. ಗುಡುಗು ಬಂದಾಗ ಕಿತ್ತಿಡಲು ಸುಲಭ.